ನರಸಂಧಿಯ ಹೊರಗಿನ ತಡೆ: ಗಾಬಾ ಹೆಚ್ಚಾದರೂ ಕಾಯಿಲೆ

ವಿಜಯಪುರ ಜಿಲ್ಲೆಯ ಯಾವುದೇ ಪ್ರಾಥಮಿಕ ಶಾಲೆಯಲ್ಲಿ ಇಂಥದೊಂದು ಮಗು ಇರಬಹುದು. ಹದಿಮೂರರ ಮಗ್ಗಿ ಹೇಳುತ್ತ ಹೇಳುತ್ತ ನಡುವೆಯೇ ನಿಂತುಬಿಡುತ್ತದೆ. ಕಣ್ಣು ತೆರೆದೇ ಇದ್ದು ರೆಪ್ಪೆ ಮಾತ್ರ ಸ್ವಲ್ಪ ಅದುರುತ್ತದೆ. ಹತ್ತು ಸೆಕೆಂಡಿನ ಬಳಿಕ ಏನೂ ಆಗಿಲ್ಲವೆಂಬಂತೆ ಮಗ್ಗಿ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೂ ಮಗು ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ. ಹಾಗಾಗಿ ‘ಲಕ್ಷ್ಯ ಎಲ್ಲೈತಿ ನಿಂದು?’ ಎಂಬ ಬೈಗುಳವಷ್ಟೇ ಅದರ ಪಾಲಿಗೆ ಬರುತ್ತದೆ. ಇದು ಆಬ್ಸೆನ್ಸ್ ಎಪಿಲೆಪ್ಸಿ, ಮೂರ್ಛೆರೋಗದ್ದೇ ಒಂದು ಬಗೆ. ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ದಾಖಲಿಸುವ ಇಇಜಿ ಕೋಣೆಯಲ್ಲಿ ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳಿದರೆ ಹೆಚ್ಚಿನ ಸಲ ಅಲ್ಲಿಯೇ ಅದು ಸಿಕ್ಕಿಬೀಳುತ್ತದೆ: ಅಡ್ಡಾದಿಡ್ಡಿ ಓಡುತ್ತಿದ್ದ ಗೆರೆಗಳೆಲ್ಲ ಒಮ್ಮೆಗೇ ಸಾಲುಗಟ್ಟಿ, ಒಂದು ಚೂಪಾದ ಶಿಖರ, ಅದರ ಬೆನ್ನಿಗೊಂದು ದುಂಡನೆಯ ಅಲೆ, ಹೀಗೆ ಸೆಕೆಂಡಿಗೆ ಸುಮಾರು 3ರಂತೆ ಮೂಡುತ್ತ ಹೋಗಿ, ಶುರುವಾದಷ್ಟೇ ಥಟ್ಟನೆ ನಿಲ್ಲುತ್ತವೆ.

ನರಕೋಶಗಳ ಉದ್ರೇಕ ಮಿತಿಮೀರಿ, ಅದನ್ನು ಹಿಡಿದಿಡುವ ತಡೆ ಸೋತಾಗ ಮೂರ್ಛೆ ಬರುತ್ತದೆ ಎಂಬುದು ನಾವೆಲ್ಲ ಕೇಳಿದ ವಿವರಣೆ. ಈ ಮಗುವಿನ ಮಟ್ಟಿಗೆ ಅದು ಸಾಲದು. ಇಲ್ಲಿ ತಡೆಯೇ ಅತಿಯಾಗಿರುವ ಸಾಧ್ಯತೆ ಇದೆ. ಅದು ಅರ್ಥವಾಗಬೇಕಾದರೆ ನರಕೋಶಗಳ ನಡುವೆ ತಡೆಯ ಸಂದೇಶ ಒಯ್ಯುವ ಗಾಬಾ ಎಂಬ ಅಣುವಿನ ಎರಡು ಬಗೆಯ ಕೆಲಸವನ್ನು ನೋಡಬೇಕು.

ಮಿದುಳಿನಲ್ಲಿ ಗಾಬಾ ಇದೆಯೆಂದು ಅಮೆರಿಕದ ಯೂಜೀನ್ ರಾಬರ್ಟ್ಸ್ ಮತ್ತು ಇತರರು 1950ರಲ್ಲಿ ವರದಿ ಮಾಡಿದರು. ಒಂದು ನರಕೋಶ ಇನ್ನೊಂದನ್ನು ಸಂಧಿಸುವಲ್ಲಿ ಸುಮಾರು 20 ನ್ಯಾನೋಮೀಟರ್ ಅಗಲದ ಬಿರುಕಿರುತ್ತದೆ. ಗಾಬಾ ಈ ಬಿರುಕಿಗೆ ಸುರಿದು, ಎದುರಿನ ಕೋಶದ ಮೇಲೆ ಬಾಗಿಲುಗಳಂತಿರುವ ಪ್ರೋಟೀನುಗಳನ್ನು, ಅಂದರೆ ಗ್ರಾಹಕಗಳನ್ನು, ತೆರೆಯುತ್ತದೆ. ಕ್ಲೋರೈಡ್ ಅಯಾನುಗಳು ಒಳಗೆ ನುಗ್ಗಿ, ಆ ಕೋಶ ಸಂಕೇತ ಹೊಮ್ಮಿಸುವುದು ಕಷ್ಟವಾಗುತ್ತದೆ. ಗಾಬಾದ ಈ ಉಬ್ಬರ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಇಳಿದುಹೋಗುತ್ತದೆ. ಬಹುಕಾಲ ತಡೆಯೆಂದರೆ ಇಷ್ಟೇ ಎಂದು ಎಣಿಸಲಾಗಿತ್ತು.

1990ರ ದಶಕದ ನಡುವೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟೀಫನ್ ಬ್ರಿಕ್ಲಿ, ಸ್ಟುವರ್ಟ್ ಕಲ್-ಕ್ಯಾಂಡಿ, ಮಾರ್ಕ್ ಫ್ಯಾರಂಟ್ ಅವರು ಇಲಿಯ ಕಿರುಮಿದುಳಿನ ಕಣಕೋಶಗಳೆಂಬ ಪುಟ್ಟ ನರಕೋಶಗಳ ವಿದ್ಯುತ್ತನ್ನು ಅಳೆಯುತ್ತಿದ್ದರು. ಗಾಬಾ ಗ್ರಾಹಕವನ್ನು ಮುಚ್ಚುವ ಔಷಧಿ ಹಾಕಿದಾಗ ಕ್ಷಣಿಕ ಏರಿಳಿತಗಳು ಮಾಯವಾದದ್ದು ಸಹಜವೇ. ಅದರ ಜೊತೆಗೆ, ಆ ಏರಿಳಿತಗಳ ಅಡಿಯಲ್ಲಿ ಸದಾ ಹರಿಯುತ್ತಿದ್ದ ಒಂದು ಪ್ರವಾಹವೂ ನಿಂತಿತು, ದಪ್ಪಗೆ ನಡುಗುತ್ತಿದ್ದ ಗೆರೆ ತೆಳ್ಳಗಾಯಿತು. ಅಂದರೆ ಯಾವ ಸಂಕೇತವೂ ಬಾರದ ಹೊತ್ತಿನಲ್ಲಿಯೂ ಕೋಶದ ಮೇಲೆ ತಡೆ ಇತ್ತು. ಇದಕ್ಕೆ ಕಾರಣವಾಗುವ ಡೆಲ್ಟಾ ಎಂಬ ಉಪಘಟಕ (ಗ್ರಾಹಕದ ಒಂದು ತುಂಡು) ಉಳ್ಳ ಗ್ರಾಹಕಗಳು ಆ ಕೋಶಗಳಲ್ಲಿ ಸಂಧಿಯ ಹೊರಗಷ್ಟೇ ಇವೆಯೆಂದು, ಚಿನ್ನದ ಕಣಗಳಿಂದ ಗುರುತು ಮಾಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ನುಸ್ಸರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಇದೇ ಕೆಲಸವನ್ನು ಬಹುಮಟ್ಟಿಗೆ ಆಲ್ಫಾ-5 ಉಪಘಟಕದ ಗ್ರಾಹಕಗಳು ಮಾಡುತ್ತವೆ. ಸಂಧಿಯಲ್ಲಿ ಉಕ್ಕುವ ಗಾಬಾದ ಸಾವಿರದಲ್ಲೊಂದು ಪಾಲು ಸಾಂದ್ರತೆಯೂ ಈ ಹೊರಗಿನ ಗ್ರಾಹಕಗಳಿಗೆ ಸಾಕು.

ಎರೆಹೊಲದ ಹಿಂಗಾರಿ ಜೋಳ ನೆನಪಿಸಿಕೊಂಡರೆ ಈ ಎರಡು ತಡೆಗಳ ವ್ಯತ್ಯಾಸ ಹೊಳೆಯುತ್ತದೆ: ಕಾಲುವೆಯಿಂದ ಸಾಲಿಗೆ ಬಿಟ್ಟ ನೀರು ಒಂದು, ಮಣ್ಣಿನೊಳಗೆ ತಿಂಗಳುಗಟ್ಟಲೆ ಉಳಿದು ಬೆಳೆಯನ್ನು ದಡ ಸೇರಿಸುವ ಹಸಿ ಇನ್ನೊಂದು. ಆ ಹಸಿಯೇ ಮಿತಿಮೀರಿದರೆ ನೆಲ ಜವಳಾಗುವುದನ್ನೂ ಕೃಷ್ಣಾ, ಘಟಪ್ರಭಾ ದಂಡೆಯ ರೈತರು ಬಲ್ಲರು.

ಮಿದುಳಿನ ನಡುವೆ ಇದ್ದು ತೊಗಟೆಗೆ ಸಂಕೇತಗಳನ್ನು ದಾಟಿಸುವ ಥಾಲಮಸ್‌ನಲ್ಲಿ ಆಗುವುದೂ ಅತಿಯ ಕಥೆಯೇ. ಬ್ರಿಟನ್ನಿನ ಕಾರ್ಡಿಫ್‌ನ ವಿನ್ಸೆಂಜೊ ಕ್ರುನೆಲ್ಲಿ ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಬ್ಸೆನ್ಸ್ ಮೂರ್ಛೆಯಿರುವ ಇಲಿಗಳ ಹಲವು ತಳಿಗಳಲ್ಲಿ ಥಾಲಮಸ್‌ನ ಈ ನಿರಂತರ ತಡೆ ಹೆಚ್ಚಾಗಿರುತ್ತದೆ. ಚೆಲ್ಲಿದ ಗಾಬಾವನ್ನು ಹೀರಿಕೊಳ್ಳಬೇಕಾದ ಗ್ಯಾಟ್-1 ಎಂಬ ಸಾಗಣೆ ಪ್ರೋಟೀನು ಸರಿಯಾಗಿ ಕೆಲಸ ಮಾಡದಿರುವುದು ಅದಕ್ಕೆ ಕಾರಣ. ತಡೆ ಹೆಚ್ಚಿದರೆ ಕೋಶ ಸುಮ್ಮನಿರಬೇಕಲ್ಲವೇ? ಥಾಲಮಸ್‌ನ ಕೋಶಗಳು ಹಾಗಲ್ಲ. ಅವುಗಳಲ್ಲಿ ಟಿ-ಬಗೆಯ ಕ್ಯಾಲ್ಸಿಯಂ ನಾಳಗಳಿವೆ. ಕೋಶದ ವಿದ್ಯುದ್ವಿಭವ, ಅಂದರೆ ಒಳಗಿನ ವಿದ್ಯುತ್ ಮಟ್ಟ, ಆಳಕ್ಕೆ ಇಳಿದಾಗಲೇ ಈ ನಾಳಗಳು ಮತ್ತೆ ತೆರೆಯಲು ಸಿದ್ಧವಾಗುತ್ತವೆ. ನಿರಂತರ ತಡೆ ಕೋಶವನ್ನು ಆ ಆಳದಲ್ಲಿ ಹಿಡಿದಿಟ್ಟಾಗ, ಸಣ್ಣ ಪ್ರಚೋದನೆಗೂ ಅದು ಗುಂಪುಗುಂಪಾಗಿ ಸಂಕೇತಗಳನ್ನು ಸಿಡಿಸಿ, ಮಿದುಳಿನ ತೊಗಟೆಯೊಡನೆ ಒಂದೇ ಲಯಕ್ಕೆ ಬೀಳುತ್ತದೆ. ಗಾಬಾವನ್ನು ಹೆಚ್ಚಿಸುವ ಟಯಾಗಬಿನ್, ವಿಗಾಬಾಟ್ರಿನ್‌ನಂಥ ಔಷಧಿಗಳು ಬೇರೆ ಬಗೆಯ ಮೂರ್ಛೆಗೆ ನೆರವಾದರೂ ಆಬ್ಸೆನ್ಸ್ ಅನ್ನು ಉಲ್ಬಣಿಸಬಲ್ಲವು ಎಂಬುದಕ್ಕೆ ಇದು ಒಪ್ಪುವ ವಿವರಣೆ. ಟಿ-ನಾಳಗಳನ್ನು ತಗ್ಗಿಸುವ ಎಥೊಸಕ್ಸಿಮೈಡ್ ಫಲಿಸುವುದಕ್ಕೂ ಅಷ್ಟೇ. ‘ಫಿಟ್ಸ್ ಗುಳಿಗೆ’ ಎಂದು ಮನೆಯಲ್ಲಿ ಒಬ್ಬರದ್ದನ್ನು ಇನ್ನೊಬ್ಬರಿಗೆ ಕೊಡುವುದು ಎಷ್ಟು ಅಪಾಯವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಲಕ್ವಾದಲ್ಲಿಯೂ ಇದೇ ತಡೆ ಅಡ್ಡ ಬರುತ್ತದೆ. ಸತ್ತ ಭಾಗದ ಅಂಚಿನಲ್ಲಿ ಬದುಕುಳಿದ ನರಕೋಶಗಳೇ ಕೈಕಾಲಿನ ಚಲನೆಯನ್ನು ಹೊಸದಾಗಿ ಕಲಿಯಬೇಕು. ಅಲ್ಲಿ ನಿರಂತರ ತಡೆ ಏರುತ್ತದೆಂದೂ, ಆಲ್ಫಾ-5 ಗ್ರಾಹಕವನ್ನು ತಗ್ಗಿಸುವ ಔಷಧಿಯನ್ನು ಲಕ್ವಾ ಆದ ಮೂರು ದಿನಗಳ ಬಳಿಕ ಕೊಟ್ಟರೆ ಇಲಿಗಳು ಬೇಗ ಚೇತರಿಸಿಕೊಳ್ಳುತ್ತವೆಂದೂ ಕ್ಯಾಲಿಫೋರ್ನಿಯಾದ ಕ್ಲಾರ್ಕ್‌ಸನ್, ಮೋದಿ, ಕಾರ್ಮೈಕೇಲ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಅದನ್ನೇ ಲಕ್ವಾ ಆದ ಕೂಡಲೇ ಕೊಟ್ಟರೆ ಹಾನಿ ಹಿಗ್ಗಿತು. ಮೊದಲ ದಿನಗಳಲ್ಲಿ ಕೋಶಗಳನ್ನು ಕಾಯುವುದೂ ಆ ತಡೆಯೇ. ಆಸೆ ಹುಟ್ಟಿಸಿದ ಈ ದಾರಿ ಮನುಷ್ಯರಲ್ಲಿ ಇನ್ನೂ ಕೈಹಿಡಿದಿಲ್ಲ: ಐನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಔಷಧಿಯಿಂದ ಚೇತರಿಕೆ ಹೆಚ್ಚಲಿಲ್ಲ. ಸದ್ಯಕ್ಕೆ ಫಿಜಿಯೋಥೆರಪಿಗೆ ಬದಲಿಲ್ಲ.

ಹೊರಗಿನ ಗ್ರಾಹಕಗಳನ್ನು ಬಲಪಡಿಸಬೇಕಾದ ಸಂದರ್ಭಗಳೂ ಇವೆ. ಪ್ರೊಜೆಸ್ಟರಾನ್‌ನಿಂದ ದೇಹವೇ ತಯಾರಿಸುವ ಅಲೊಪ್ರೆಗ್ನನೊಲೋನ್ ಗಾಬಾ ಗ್ರಾಹಕಗಳನ್ನು, ಅದರಲ್ಲೂ ಡೆಲ್ಟಾ ಬಗೆಯವನ್ನು, ಚುರುಕಾಗಿಸುತ್ತದೆ. ಮುಟ್ಟಿನ ಮುಂಚೆ ಇದರ ಮಟ್ಟ ಕುಸಿದಾಗ ಕೆಲವು ಮಹಿಳೆಯರಿಗೆ ಮೂರ್ಛೆ ಹೆಚ್ಚುತ್ತದೆ. ಹೆರಿಗೆಯ ಬಳಿಕದ ಖಿನ್ನತೆಗೆ ಇದೇ ಅಣುವನ್ನು ಔಷಧಿಯಾಗಿ ಅಮೆರಿಕ 2019ರಲ್ಲಿ ಒಪ್ಪಿತು.

ನಿಲ್ಲದ ಮೂರ್ಛೆಯಲ್ಲಿ ಸಂಧಿಯ ಮತ್ತು ಸಂಧಿಯ ಹೊರಗಿನ ಗ್ರಾಹಕಗಳ ವ್ಯತ್ಯಾಸ ಜೀವದ ಪ್ರಶ್ನೆಯಾಗುತ್ತದೆ. ಸೆಳೆತ 5 ನಿಮಿಷ ದಾಟಿದರೆ ಅದನ್ನು ತುರ್ತುಸ್ಥಿತಿ ಎಂದೇ ಪರಿಗಣಿಸುತ್ತಾರೆ. ಸೆಳೆತ ಮುಂದುವರಿದಂತೆ ಸಂಧಿಯ ಗ್ರಾಹಕಗಳನ್ನು ಕೋಶ ಒಳಕ್ಕೆಳೆದುಕೊಳ್ಳುತ್ತ ಹೋಗುತ್ತದೆ. ಡೆಲ್ಟಾ ಗ್ರಾಹಕಗಳು ಮೇಲ್ಮೈಯಲ್ಲಿ ಉಳಿಯುತ್ತವೆಂದು ಪ್ರಾಣಿಗಳ ಅಧ್ಯಯನಗಳು ಹೇಳುತ್ತವೆ. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಮೊದಲು ಕೊಡುವ ಲೊರಜೆಪಾಂ, ಮಿಡಜೋಲಾಂ ಡೆಲ್ಟಾ ಗ್ರಾಹಕಗಳ ಮೇಲೆ ಕೆಲಸ ಮಾಡುವುದಿಲ್ಲ. ಅವಕ್ಕೆ ಬೇಕಾದದ್ದು ಒಳಸರಿಯುತ್ತಿರುವ ಗ್ರಾಹಕಗಳೇ. ಬಾಗಲಕೋಟೆಯ ಹಳ್ಳಿಯೊಂದರಲ್ಲಿ ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿದು ಕಾಯುವ ಪ್ರತಿ ನಿಮಿಷವೂ ಆ ಇಂಜೆಕ್ಷನ್ನಿನ ಬಲವನ್ನು ಕುಗ್ಗಿಸುತ್ತಿರುತ್ತದೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿ ಗಡಿಯಾರ ನೋಡಬೇಕು, 108ಕ್ಕೆ ಕರೆ ಮಾಡಬೇಕು. ಪದೇ ಪದೇ ಮೂರ್ಛೆ ಬರುವವರ ಮನೆಯಲ್ಲಿ ಇಟ್ಟುಕೊಳ್ಳಲು ಮೂಗಿಗೆ ಸಿಂಪಡಿಸುವ ಮಿಡಜೋಲಾಂ ಈಗ ಸಿಗುತ್ತದೆ. ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡು, ಬಳಸುವ ರೀತಿಯನ್ನು ಮನೆಯ ಇಬ್ಬರಾದರೂ ಮೊದಲೇ ಕಲಿತಿರಬೇಕು.