ಹಳೆ ಮಸಲ್ ಕಾರಿನ ನಡು ಗಟ್ಟಿ ಮಾಡುವುದು

ಹೋದ ತಿಂಗಳು ಒಬ್ಬರು ನಮ್ಮ ಗ್ಯಾರೇಜಿಗೆ 1968ರ ಕಮಾರೊ, ಅಂದರೆ ದೊಡ್ಡ ಎಂಜಿನ್ನಿನ ಹಳೆ ಅಮೆರಿಕನ್ ಮಸಲ್ ಕಾರು, ತಂದು ನಿಲ್ಲಿಸಿದರು. ಹುಬ್ಬಳ್ಳಿ ಕಡೆಯವರು. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಎಷ್ಟೋ ಕನ್ನಡಿಗರಲ್ಲಿ ಒಬ್ಬರು. "ಸರ್, ಬಾಗಿಲು ಸರಿಯಾಗಿ ಕೂರ್ತಾ ಇಲ್ಲ. ಹಿಂಜ್ ಎರಡು ಸಲ ಬದಲಾಯಿಸಿದೆ" ಅಂದರು.

ನಾನು ಹಿಂಜ್ ನೋಡಲಿಲ್ಲ. ಮುಂದಿನ ಎಡ ಮೂಲೆಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವವರೆಗೆ ಎತ್ತಿದೆ. ಬಾಗಿಲ ಹಿಂದಿನ ಅಂಚಿನ ಸಂದು ಮೊದಲು 5 ಮಿಲಿಮೀಟರ್ ಇತ್ತು. ಎತ್ತಿದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟರೆ ಬರೀ 3. ಬಾಗಿಲು ತೆಗೆಯಲು ಹೋದರೆ ಕೆಳಗಡೆ ಕರಕರ ಅಂತು. ಅವರಿಗೇ ಸ್ಕೇಲ್ ಕೊಟ್ಟು ಇನ್ನೊಮ್ಮೆ ಅಳೆಯಲು ಹೇಳಿದೆ. ಹಿಂಜ್ ಹೊಸದೇ, ಚೆನ್ನಾಗಿಯೇ ಇತ್ತು. ಬಾಗುತ್ತಿದ್ದದ್ದು ಕಾರು.

ಇಂಥ ಕಾರಿಗೆ ಸಬ್‌ಫ್ರೇಮ್ ಕನೆಕ್ಟರ್ ಹಾಕುತ್ತಾರೆ, ಅಂದರೆ ಅಡಿಯಲ್ಲಿ ಮುಂದಿನ ಚೌಕಟ್ಟನ್ನು ಹಿಂದಿನದಕ್ಕೆ ಸೇರಿಸುವ ಸ್ಟೀಲ್ ಪೈಪು. ಯಾವುದನ್ನು ಆರಿಸಬೇಕು ಅಂತ ಕೇಳಿದವರೆಲ್ಲ ಮೊದಲು ತೋರಿಸುವುದು ಕ್ಯಾಟಲಾಗಿನ ಚಿತ್ರ. ನಾನು ಮೊದಲು ಕೇಳುವುದು ಕಾರು ಯಾವುದು, ಅದರ ಅಡಿ ಹೇಗಿದೆ ಅಂತ. ಪೈಪಿಗಿಂತ ಆ ಪೈಪು ಹೋಗಿ ಕೂರುವ ಜಾಗವೇ ಮುಖ್ಯ.

ಒಂದು ಮಂಚ ನೆನಪಿಸಿಕೊಳ್ಳಿ. ತಲೆ ಕಡೆ ಗಟ್ಟಿ ಚೌಕಟ್ಟಿದೆ, ಕಾಲು ಕಡೆಯೂ ಇದೆ. ಆದರೆ ಎರಡನ್ನೂ ಸೇರಿಸುವ ಉದ್ದನೆಯ ಪಟ್ಟಿಗಳೇ ಇಲ್ಲ, ನಡುವೆ ಬರೀ ಪ್ಲೈವುಡ್ ಹೊಡೆದಿದ್ದಾರೆ. ಕೂತರೆ ನಡು ಬಗ್ಗುತ್ತೆ, ಒಂದು ಮೂಲೆ ಎತ್ತಿದರೆ ಇಡೀ ಮಂಚ ತಿರುಚುತ್ತೆ. 1967ರಿಂದ 69ರ ಕಮಾರೊ ಮತ್ತು ಫೈರ್‌ಬರ್ಡ್ ಕಟ್ಟಿರುವುದು ಹೆಚ್ಚುಕಡಿಮೆ ಹೀಗೆ. ಎಂಜಿನ್, ಸ್ಟೀರಿಂಗ್, ಮುಂದಿನ ಸಸ್ಪೆನ್ಷನ್ ಎಲ್ಲ ಒಂದು ಬಿಡಿ ಸಬ್‌ಫ್ರೇಮಿನ ಮೇಲೆ. ಅದು ರಬ್ಬರ್ ಬುಷ್ ನಡುವೆ ಇಟ್ಟು ಬೋಲ್ಟ್‌ನಿಂದ ಬಾಡಿಗೆ ಸೇರಿಕೊಂಡಿದೆ. ಹಿಂದಿನ ರೈಲುಗಳು, ಅಂದರೆ ಉದ್ದನೆಯ ಸ್ಟೀಲ್ ತೊಲೆಗಳು, ನೆಲದ ತಗಡಿಗೆ ವೆಲ್ಡ್ ಆಗಿ, ಲೀಫ್ ಸ್ಪ್ರಿಂಗಿನ ಮುಂದಿನ ತುದಿಯ ಹತ್ತಿರ ಮುಗಿಯುತ್ತವೆ. ನಡುವೆ ಇರುವುದು ನೆಲದ ತಗಡು ಮತ್ತು ಬಾಗಿಲ ಕೆಳಗಿನ ರಾಕರ್, ಅಷ್ಟೇ.

ಮಸ್ಟಾಂಗ್ ಬೇರೆ ಥರ. 1964ರ ಏಪ್ರಿಲ್‌ನಲ್ಲಿ ಬಂದ ಆ ಕಾರಿಗೆ ಬೋಲ್ಟ್ ಹಾಕಿದ ಸಬ್‌ಫ್ರೇಮ್ ಇಲ್ಲ, ಎಲ್ಲವೂ ವೆಲ್ಡ್ ಮಾಡಿದ ಬಾಡಿಯೇ. ಮುಂದಿನ ರೈಲು ಮುಂದಿನ ಸೀಟಿನ ಕೆಳಗೆ ನಿಲ್ಲುತ್ತೆ, ಹಿಂದಿನದು ಹಿಂದಿನ ಸೀಟಿನ ಹತ್ತಿರ ಶುರುವಾಗುತ್ತೆ. ಕ್ರೈಸ್ಲರ್ ಗುಂಪಿನ ಡಾರ್ಟ್, ಚಾರ್ಜರ್, ಚಾಲೆಂಜರ್‌ಗಳಲ್ಲಿ ಮುಂದಿನ ಚಕ್ರದ ಭಾರ ಹೊರುವುದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉದ್ದನೆಯ ಸ್ಟೀಲ್ ಸಲಾಕಿ. ಆ ಬಾರಿನ ಹಿಂತುದಿ ಕಾರಿನ ನಡುವಿರುವ ಅಡ್ಡ ಮೆಂಬರಿಗೆ, ಅಂದರೆ ಅಡ್ಡ ತೊಲೆಗೆ, ಸಿಕ್ಕಿಕೊಂಡಿದೆ. ಗುಂಡಿಗೆ ಬಿದ್ದಾಗ ಏಟು ನೇರವಾಗಿ ಅಲ್ಲಿಗೇ ಬರುತ್ತೆ. ಅದಕ್ಕೇ ಈ ಕಾರುಗಳಲ್ಲಿ ಆ ಅಡ್ಡ ಮೆಂಬರಿನಿಂದ ಹಿಂದಿನ ರೈಲಿಗೆ ಕನೆಕ್ಟರ್ ಹಾಕಿದರೆ ಓಡಿಸುವವರಿಗೆ ಬೇಗ ಗೊತ್ತಾಗುತ್ತೆ.

ಷೆವೆಲ್, ಜಿಟಿಒ ಇರುವವರು ಈ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅವುಗಳ ಅಡಿಯಲ್ಲಿ ಮುಂದಿನಿಂದ ಹಿಂದಿನವರೆಗೂ ಪೂರ್ತಿ ಫ್ರೇಮ್ ಇದೆ, ಸೇರಿಸುವುದಕ್ಕೆ ಏನೂ ಉಳಿದಿಲ್ಲ. ಆದರೂ ಯಾರೋ ಹೇಳಿದರು ಅಂತ ವರ್ಷಕ್ಕೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ.

"ಆಗಿನ ಎಂಜಿನಿಯರ್‌ಗಳಿಗೆ ಇದು ಗೊತ್ತಿರಲಿಲ್ವಾ?" ಅಂತ ಕೆಲವರು ಕೇಳುತ್ತಾರೆ. ಗೊತ್ತಿತ್ತು. ಆಗಿನ ಟೈರು ಸಣ್ಣದು, ಹಿಡಿತ ಕಡಿಮೆ, ಸ್ಪ್ರಿಂಗ್ ಮೆತ್ತಗೆ. ಬಾಡಿಗೆ ಬರುವ ಒತ್ತಡಕ್ಕೆ ಮುಂಚೆಯೇ ಟೈರ್ ಜಾರುತ್ತಿತ್ತು. ಇವತ್ತು ಅದೇ ಬಾಡಿಗೆ ಅಗಲದ ರೇಡಿಯಲ್ ಟೈರು, ಗಟ್ಟಿ ಸ್ಪ್ರಿಂಗು, 400 ಕುದುರೆ ಶಕ್ತಿಯ ಎಂಜಿನ್ ಹಾಕುತ್ತೇವೆ. ಬಾಡಿಯೇ ಬಾಗುತ್ತಿದ್ದರೆ ದುಬಾರಿ ಶಾಕ್ ಅಬ್ಸಾರ್ಬರ್ ಕೂಡ ತನ್ನ ಕೆಲಸ ಮಾಡಲಾರದು.

ಈಗ ಪೈಪಿನ ಮಾತು. ಹೆಚ್ಚಿನವರು ದಪ್ಪ ಕೇಳುತ್ತಾರೆ. ದಪ್ಪಕ್ಕಿಂತ ಎತ್ತರ ನೋಡಿ ಅಂತ ನಾನು ಹೇಳುತ್ತೇನೆ. 2 ಇಂಚು ಚೌಕದ, 0.120 ಇಂಚು ಗೋಡೆಯ ಟ್ಯೂಬ್ ತೆಗೆದುಕೊಳ್ಳಿ. ಗೋಡೆಯ ದಪ್ಪ ಎರಡರಷ್ಟು ಮಾಡಿದರೆ ಬಾಗುವುದನ್ನು ತಡೆಯುವ ಶಕ್ತಿ ಸುಮಾರು 1.7 ಪಟ್ಟು ಆಗುತ್ತೆ, ತೂಕ ಎರಡರಷ್ಟರ ಹತ್ತಿರ ಹೋಗುತ್ತೆ. ದಪ್ಪ ಹಾಗೇ ಬಿಟ್ಟು ಎತ್ತರ 3 ಇಂಚು ಮಾಡಿದರೆ ಶಕ್ತಿ 2.6 ಪಟ್ಟು, ತೂಕ ಕಾಲು ಭಾಗ ಮಾತ್ರ ಜಾಸ್ತಿ. ಅದೇ 2×3 ಟ್ಯೂಬನ್ನು ಅಡ್ಡ ಮಲಗಿಸಿ ಹಾಕಿದಿರೋ, ಆ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ನಾಲ್ಕು ಅಡಿ ಉದ್ದದ ಜೋಡಿ ಸುಮಾರು 14 ಕೆಜಿ ತೂಗುತ್ತೆ. ಬೀದಿಯಲ್ಲಿ ಓಡಿಸುವ ಕಾರಿಗೆ 0.083 ಇಂಚಿನ ಗೋಡೆಯೂ ಸಾಕಾಗುತ್ತೆ, ಅದರ ಜೋಡಿ 10 ಕೆಜಿ.

ಆದರೆ 3 ಇಂಚಿನ ಪೈಪು ನೆಲದ ಕೆಳಗೆ ನೇತಾಡಿದರೆ ಮೊದಲ ಸ್ಪೀಡ್ ಬ್ರೇಕರಿಗೇ ಉಜ್ಜುತ್ತೆ. ಸೈಲೆನ್ಸರ್ ಪೈಪಿಗೂ ಜಾಗ ಬೇಕಲ್ಲ. ಅದಕ್ಕೆ ನನಗೆ ಇಷ್ಟವಾಗುವುದು ನೆಲದ ಉಬ್ಬುತಗ್ಗಿಗೆ ಸರಿಯಾಗಿ ಕತ್ತರಿಸಿದ, ಉದ್ದಕ್ಕೂ ತಗಡಿಗೆ ವೆಲ್ಡ್ ಆಗುವ ಕನೆಕ್ಟರ್. ಅದು ನೆಲಕ್ಕೆ ಅಂಟಿಕೊಂಡು ಮುಚ್ಚಿದ ಪೆಟ್ಟಿಗೆಯಾಗುತ್ತೆ. ಕೆಲಸ ಜಾಸ್ತಿ, ನೆಲವೂ ಚೆನ್ನಾಗಿರಬೇಕು.

ಇನ್ನೊಂದು ವಿಷಯ ಮಾರುವವರು ಹೇಳುವುದು ಕಡಿಮೆ. ಎರಡು ನೇರ ಪೈಪುಗಳು ಕಾರಿನ ನಡು ಬಾಗುವುದನ್ನು ಚೆನ್ನಾಗಿ ತಡೆಯುತ್ತವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಪೈಪಿನಿಂದ ಪಕ್ಕದ ರಾಕರಿಗೆ ತೋಳು ಬೇಕು, ಇಲ್ಲವೇ ಎರಡು ಪೈಪಿನ ನಡುವೆ ಅಡ್ಡಪಟ್ಟಿ ಬೇಕು. ಮಸ್ಟಾಂಗ್‌ನಲ್ಲಿ ಮುಂದಿನ ಟಾರ್ಕ್ ಬಾಕ್ಸ್, ಅಂದರೆ ರೈಲನ್ನು ರಾಕರಿಗೆ ಸೇರಿಸುವ ತಗಡಿನ ಪೆಟ್ಟಿಗೆ, ಮಾಡುವ ಕೆಲಸ ಇದೇ. 1965-66ರ ಹಾರ್ಡ್‌ಟಾಪ್ (ಗಟ್ಟಿ ಚಾವಣಿಯ) ಕಾರುಗಳಲ್ಲಿ ಸಾಮಾನ್ಯವಾಗಿ ಅದು ಡ್ರೈವರ್ ಕಡೆ ಮಾತ್ರ ಇರುತ್ತೆ. ಅಂಥ ಕಾರಿಗೆ ಕನೆಕ್ಟರಿನ ಜೊತೆಗೆ ಇನ್ನೊಂದು ಪಕ್ಕಕ್ಕೂ ಟಾರ್ಕ್ ಬಾಕ್ಸ್ ಹಾಕಿಸಿ. ಆ ದುಡ್ಡು ಸುಮ್ನೆ ಹೋಗಲ್ಲ.

ಬೋಲ್ಟ್ ಮಾಡುವ ಕನೆಕ್ಟರ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಬೋಲ್ಟ್ ತೂತಿನಲ್ಲಿ ಕೂದಲೆಳೆಯಷ್ಟು ಆಟ ಇದ್ದೇ ಇರುತ್ತೆ, ಹಾಗಾಗಿ ಗಟ್ಟಿತನ ವೆಲ್ಡಿನಷ್ಟು ಬರುವುದಿಲ್ಲ. ಟ್ಯೂಬಿನೊಳಗೆ ಬೋಲ್ಟ್ ಸುತ್ತ ಗಟ್ಟಿ ಕೊಳವೆ (ಸ್ಲೀವ್) ಇಲ್ಲದೆ ಬಿಗಿದರೆ ಟ್ಯೂಬ್ ಅಪ್ಪಚ್ಚಿಯಾಗುತ್ತೆ, ಅದನ್ನು ನೋಡಿಕೊಳ್ಳಿ. ಆದರೆ ನಿಮ್ಮದು ಅಸಲಿ 1969ರ ಝಡ್/28 ಕಮಾರೊ ಅಥವಾ ಕ್ರೈಸ್ಲರ್‌ನ 426 ಹೆಮಿ ಎಂಜಿನ್ನಿನಂಥ ಬೆಲೆಬಾಳುವ ಕಾರಾಗಿದ್ದರೆ ದಯವಿಟ್ಟು ಅದರ ಮೇಲೆ ವೆಲ್ಡಿಂಗ್ ಟಾರ್ಚ್ ಇಡಬೇಡಿ. ಬೋಲ್ಟಿನದು ಹಾಕಿ, ನಾಳೆ ಬಿಚ್ಚಬಹುದು. ಕಾರ್ಖಾನೆಯಿಂದ ಬಂದ ಹಾಗೇ ಉಳಿದ ನೆಲ ಒಂದು ಸಲ ಹೋದರೆ ಮತ್ತೆ ಸಿಗುವುದಿಲ್ಲ.

ಕಮಾರೊದಲ್ಲಿ ಜನ ಎಡವುವುದು ಬುಷ್ ವಿಷಯದಲ್ಲಿ. ಹಳೆ ರಬ್ಬರ್ ಬುಷ್ ಮೇಲೆ ಸಬ್‌ಫ್ರೇಮ್ ಅಲ್ಲಾಡುತ್ತಿರುತ್ತೆ. ಅದನ್ನು ಹಾಗೇ ಬಿಟ್ಟು ಕನೆಕ್ಟರ್ ವೆಲ್ಡ್ ಮಾಡಿದರೆ, ಅಲ್ಲಾಟದ ಏಟೆಲ್ಲ ವೆಲ್ಡಿನ ತುದಿಗೆ ಬಿದ್ದು ಅಲ್ಲೇ ಬಿರುಕು ಬಿಡುತ್ತೆ. ಮೊದಲು ಅಲ್ಯೂಮಿನಿಯಂ ಬುಷ್ ಹಾಕಿ. ಆಮೇಲೆ ಸಬ್‌ಫ್ರೇಮ್ ಮತ್ತು ಬಾಡಿಯಲ್ಲಿರುವ ಅಳತೆ ತೂತುಗಳಿಗೆ ಸಲಾಕಿ ತೂರಿಸಿ ನೇರ ಮಾಡಿ, ಬೋಲ್ಟ್ ಬಿಗಿಯಿರಿ. ಕನೆಕ್ಟರ್ ಅದಾದ ಮೇಲೆ. ಸೊಟ್ಟಗಿರುವಾಗ ವೆಲ್ಡ್ ಮಾಡಿದರೆ ಸೊಟ್ಟವೇ ಖಾಯಂ.

ಖಾಯಂ ಅಂದಾಗ ಒಂದು ಕಾರು ಕಣ್ಣ ಮುಂದೆ ಬರುತ್ತೆ. 1966ರ ಮಸ್ಟಾಂಗ್ ಕನ್ವರ್ಟಿಬಲ್, ಬೇರೆ ಒಂದು ಗ್ಯಾರೇಜಿನಲ್ಲಿ ಕನೆಕ್ಟರ್ ಹಾಕಿಸಿಕೊಂಡು ನಮ್ಮಲ್ಲಿಗೆ ಬಂತು. ಎರಡು ಕಂಬದ ಲಿಫ್ಟ್ ಮೇಲೆ ಎತ್ತಿ ವೆಲ್ಡ್ ಮಾಡಿದ್ದರು. ನಡುವಿನಲ್ಲಿ ಎತ್ತಿದಾಗ ಮುಂದೆ ಎಂಜಿನ್, ಹಿಂದೆ ಆಕ್ಸಲ್ ಎರಡೂ ಜೋತು ಬೀಳುತ್ತವೆ. ಚಾವಣಿ ಇಲ್ಲದ ಕಾರು ಇನ್ನೂ ಜಾಸ್ತಿ ಬಗ್ಗುತ್ತೆ. ಆ ಬಾಗಿದ ಆಕಾರವನ್ನೇ ಅವರು ವೆಲ್ಡ್ ಮಾಡಿ ಕೂರಿಸಿಬಿಟ್ಟಿದ್ದರು. ಕೆಳಗಿಳಿಸಿದ ಮೇಲೂ ಬಾಗಿಲ ಮೇಲ್ತುದಿಯ ಸಂದಿನಲ್ಲಿ ನನ್ನ ಕಿರುಬೆರಳು ತೂರುತ್ತಿತ್ತು. ಲಾಕ್ ಸಿಗುತ್ತಿರಲಿಲ್ಲ. ಯಜಮಾನರು ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಬಂದಿದ್ದರು. ಗ್ರೈಂಡರ್‌ನಲ್ಲಿ ವೆಲ್ಡ್ ಕತ್ತರಿಸಿ, ಚಕ್ರದ ಮೇಲೆ ಭಾರ ಕೂರಿಸಿ, ಮತ್ತೆ ಸೇರಿಸಲು ನಮಗೆ ಪೂರ್ತಿ ಎರಡು ದಿನ ಹಿಡಿಯಿತು.

ಅದಕ್ಕೇ ನಾಲ್ಕು ಕಂಬದ ಲಿಫ್ಟ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಕಾರು ತನ್ನ ನಾಲ್ಕು ಚಕ್ರದ ಮೇಲೇ ನಿಂತಿರಬೇಕು. ಬಾಗಿಲ ಸಂದು ಅಳೆದು ಬರೆದಿಟ್ಟುಕೊಂಡು, ನಾಲ್ಕೂ ತುದಿಗೆ ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಹಾಕಿ, ಬಾಗಿಲು ತೆಗೆದು ಹಾಕಿ ನೋಡಿ, ಆಮೇಲೆ ಒಂದೊಂದು ಇಂಚು ಎಡಕ್ಕೆ ಬಲಕ್ಕೆ ಬದಲಾಯಿಸುತ್ತಾ ವೆಲ್ಡ್ ಮಾಡಬೇಕು. ಒಂದೇ ಉಸಿರಿಗೆ ಎಳೆದರೆ ಶಾಖಕ್ಕೆ ನೆಲ ಸೊಟ್ಟಗಾಗುತ್ತೆ. ಬ್ಯಾಟರಿ ಬಿಚ್ಚಿರಬೇಕು, ಕಾರ್ಪೆಟ್ ತೆಗೆದಿರಬೇಕು, ಪೆಟ್ರೋಲ್ ಪೈಪು ದೂರ ಸರಿಸಿರಬೇಕು. ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕಾರಿನ ಒಳಗೆ ನೋಡುತ್ತಿರಲೇಬೇಕು.

ಇಷ್ಟೆಲ್ಲದಕ್ಕೂ ಮುಂಚೆ ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡು ಅಡಿಯಲ್ಲಿ ಮಲಗಿ. ಮಿಷಿಗನ್‌ನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಂದಿನ ರೈಲಿನ ಮುಂತುದಿ, ಟಾರ್ಕ್ ಬಾಕ್ಸ್, ಸೀಟಿನ ಕೆಳಗಿನ ಮೂಲೆಗಳನ್ನು ಆ ಉಪ್ಪು ಮೊದಲು ತಿನ್ನುತ್ತೆ. ಹೊರಗಡೆ ಕಪ್ಪು ಅಂಡರ್‌ಕೋಟ್ ಮಿರಮಿರ ಮಿಂಚುತ್ತಿರುತ್ತೆ, ಚುಚ್ಚಿದರೆ ಹಪ್ಪಳದ ಹಾಗೆ ಮುರಿಯುತ್ತೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡಿಗೆ ಮೂರು ಮಿಲಿಮೀಟರ್ ಗೋಡೆಯ ಪೈಪು ಸೇರಿಸುವುದೇ ಕಷ್ಟ. ಅದರಲ್ಲಿ ಅರ್ಧ ತುಕ್ಕಾಗಿದ್ದರೆ ವೆಲ್ಡ್ ಹಿಡಿಯುವುದಾದರೂ ಎಲ್ಲಿಗೆ? ನೆಲ ಕೆಟ್ಟಿದ್ದರೆ ಮೊದಲು ನೆಲ ಮಾಡಿಸಿ, ಕನೆಕ್ಟರ್ ಮುಂದಿನ ವರ್ಷಕ್ಕಿರಲಿ. ಆಗಸ್ಟ್‌ನ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನುವ ಹಳೆ ಕಾರುಗಳ ಮೆರವಣಿಗೆಗೆ ಕಾರು ರೆಡಿಯಾಗಬೇಕು ಅಂತ ಜುಲೈನಲ್ಲಿ ಬಂದು ಅವಸರ ಮಾಡುವವರಿಗೂ ನಾನು ಇದನ್ನೇ ಹೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ.

ಆ 1968ರ ಕಮಾರೊ ನೆಲ ಅದೃಷ್ಟಕ್ಕೆ ಗಟ್ಟಿಯಿತ್ತು. ಅಲ್ಯೂಮಿನಿಯಂ ಬುಷ್ ಹಾಕಿ, ಸಬ್‌ಫ್ರೇಮ್ ನೇರ ಮಾಡಿ, 2×3 ಟ್ಯೂಬ್ ನಿಲ್ಲಿಸಿ ವೆಲ್ಡ್ ಮಾಡಿದೆವು. ವೆಲ್ಡ್ ತಣ್ಣಗಾದ ಮೇಲೆ ಪ್ರೈಮರ್, ಸೀಮ್ ಸೀಲರ್, ಟ್ಯೂಬಿನ ಒಳಗೆ ವ್ಯಾಕ್ಸ್. ಯಜಮಾನರು ಬಂದಾಗ ಅದೇ ಎಡ ಮೂಲೆಗೆ ಜಾಕ್ ಕೊಟ್ಟೆ. ಸ್ಕೇಲನ್ನು ಈ ಸಲ ಅವರೇ ಕೇಳಿ ಇಸಿದುಕೊಂಡರು. ಸಂದಿನ ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಚಕ್ರ ಗಾಳಿಯಲ್ಲಿರುವಾಗಲೇ ಬಾಗಿಲು ತೆಗೆದರು, ಹಾಕಿದರು, ಮತ್ತೆ ತೆಗೆದರು.