ನನ್ನ ಜಾಗದಲ್ಲಿ ಬೀಡಿ ಬೇಡ ಎಂದರೆ ನಡೆಯುತ್ತದೆಯೇ?

ಫೆಬ್ರವರಿಯಲ್ಲಿ ತರಗೆಲೆ ಒಣಗಿ ಗರಿಗರಿಯಾಗುವ ಹೊತ್ತಿಗೆ ಈ ಪ್ರಶ್ನೆ ನನ್ನ ಕಚೇರಿಗೆ ತಪ್ಪದೆ ಬರುತ್ತದೆ. ‘ವಕೀಲರೇ, ನನ್ನ ಜಾಗದಲ್ಲಿ ಯಾರೂ ಬೀಡಿ, ಸಿಗರೇಟ್ ಸೇದಬಾರದು ಎಂದು ಕಟ್ಟಪ್ಪಣೆ ಮಾಡಬಹುದೇ?’ ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟದವರು, ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕದವರು, ಮಡಿಕೇರಿ ಸುತ್ತಲಿನ ಹೋಂಸ್ಟೇಯವರು ಎಲ್ಲರೂ ಕೇಳುವುದು ಇದನ್ನೇ. ಉತ್ತರ ಮಾತ್ರ ಜಾಗದಿಂದ ಜಾಗಕ್ಕೆ ಬೇರೆ. ಒಂದೇ ತೋಟದಲ್ಲೂ ಕಚೇರಿಗೆ ಒಂದು, ಕಾಫಿ ಗಿಡಗಳ ನಡುವೆ ಇನ್ನೊಂದು, ಕಾರ್ಮಿಕರು ವಾಸಿಸುವ ಲೈನ್ ಮನೆಗೆ ಮತ್ತೊಂದು.

ಛಾವಣಿಯ ಕೆಳಗಿನ ಮಾತು ಸುಲಭ. ಅಲ್ಲಿ ನಿಷೇಧಿಸಬಹುದೇ ಎಂದು ಯೋಚಿಸುವ ಆಯ್ಕೆಯೇ ಮಾಲೀಕರಿಗಿಲ್ಲ, ತಡೆಯಲೇಬೇಕು. 2003ರ ತಂಬಾಕು ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಕೆಲಸದ ಸ್ಥಳವನ್ನೂ ಆ ಪಟ್ಟಿಗೆ ಸೇರಿಸಿದವು. ಕಚೇರಿ, ಗೋದಾಮು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಕ್ಯಾಂಟೀನ್ ಯಾವುದಕ್ಕೂ ವಿನಾಯಿತಿ ಇಲ್ಲ. ಬಾಗಿಲಲ್ಲಿ ಕನಿಷ್ಠ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಬಿಳಿ ಫಲಕ ಇರಬೇಕು. ಒಳಗೆ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಒದಗಿಸುವಂತಿಲ್ಲ. ದೂರು ಬಂದ ಮೇಲೂ ಮೇಲ್ವಿಚಾರಕರು ಸುಮ್ಮನಿದ್ದರೆ, ಅಲ್ಲಿ ಎಷ್ಟು ಜನ ಸೇದಿದರೋ ಅಷ್ಟು ಜನರ ದಂಡವನ್ನು ಅವರೇ ತೆರಬೇಕಾಗುತ್ತದೆ. 200 ರೂಪಾಯಿ ಇದ್ದ ಆ ದಂಡದ ಮಿತಿಯನ್ನು ಕರ್ನಾಟಕದ ತಿದ್ದುಪಡಿ 2025ರಲ್ಲಿ 1,000 ರೂಪಾಯಿಗೆ ಏರಿಸಿದೆ.

ಸೇದುವುದು ನನ್ನ ಹಕ್ಕು ಎಂದು ವಾದಿಸುವವರೂ ಇದ್ದಾರೆ. ಗಡಿಯಾಚೆಯ ಕೇರಳದ ಹೈಕೋರ್ಟ್ ಈ ವಾದದ ಬೆನ್ನೆಲುಬನ್ನು 1999ರಲ್ಲೇ ಮುರಿದಿದೆ. 2001ರಲ್ಲಿ ಮುರಳಿ ದೇವೊರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯ ರಕ್ಷಣೆಯನ್ನು ಕೊಟ್ಟದ್ದು ಸೇದದವನ ಉಸಿರಿಗೆ.

ಹೋಂಸ್ಟೇಯವರಿಗೆ ಒಂದು ಮಾತು. ಪ್ರತ್ಯೇಕ ಸ್ಮೋಕಿಂಗ್ ಕೋಣೆಗೆ ಕಾಯ್ದೆ ಅವಕಾಶ ಕೊಟ್ಟಿರುವುದು ಕನಿಷ್ಠ 30 ಕೋಣೆಗಳ ಹೋಟೆಲು, ಕನಿಷ್ಠ 30 ಆಸನಗಳ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣಗಳಿಗೆ ಮಾತ್ರ. ಐದಾರು ಕೋಣೆಯ ನಮ್ಮ ಹೋಂಸ್ಟೇಗಳು ಊಟದ ಮನೆಯ ಮೂಲೆಗೆ ಗಾಜಿನ ಗೋಡೆ ಕಟ್ಟಿ ‘ಸ್ಮೋಕಿಂಗ್ ಝೋನ್’ ಎಂದು ಬರೆದರೆ ಅದು ಬರೀ ಅಲಂಕಾರ.

ಕಷ್ಟದ ಭಾಗ ತೋಟ. ಕಾಯ್ದೆಯ ವ್ಯಾಖ್ಯೆ ಬಯಲನ್ನು ಸಾರ್ವಜನಿಕ ಸ್ಥಳದಿಂದ ಹೊರಗಿಟ್ಟಿದೆ. ನಿಯಮಗಳು ಆ ಬಯಲಿನಲ್ಲೂ ಬಸ್ ನಿಲ್ದಾಣ, ಕ್ರೀಡಾಂಗಣಗಳಂಥ ಜನ ಸೇರುವ ಜಾಗಗಳನ್ನು ಹಿಡಿದವು. ಸಿಲ್ವರ್ ಓಕ್ ನೆರಳಿನ ಖಾಸಗಿ ಕಾಫಿ ತೋಟ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಅಲ್ಲಿ ಬೀಡಿ ಹಚ್ಚಿದವನ ಮೇಲೆ ಪೊಲೀಸರು ಈ ಕಾಯ್ದೆಯಡಿ ದಂಡ ಹಾಕಲಾರರು. ಆದರೆ ಮಾಲೀಕರು ನಿಷೇಧಿಸಬಹುದು. ಜಾಗ ಅವರದು, ಕೆಲಸದ ಶಿಸ್ತನ್ನು ನಿಗದಿ ಮಾಡುವ ಅಧಿಕಾರವೂ ಅವರದು. ತರಗೆಲೆ, ಡೀಸೆಲ್ ಶೆಡ್, ಗೋಣಿಚೀಲದ ರಾಶಿ, ಕಾಫಿ ಹೊಟ್ಟು ಇರುವಲ್ಲಿ ಕಾರಣ ಹುಡುಕಬೇಕಾಗಿಯೂ ಇಲ್ಲ.

ಎಡವುವುದು ನಿಷೇಧದಲ್ಲಲ್ಲ, ಅದನ್ನು ಜಾರಿ ಮಾಡುವ ರೀತಿಯಲ್ಲಿ. ಬಹಳ ತೋಟಗಳಲ್ಲಿ ನಿಯಮ ಎಂದರೆ ಮೇಸ್ತ್ರಿಯ ಬೈಗುಳ. ಅದು ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮಗಳು ಇರುವ ಸಂಸ್ಥೆಯಲ್ಲಿ ದುರ್ನಡತೆಯ ಪಟ್ಟಿಯಲ್ಲಿ ಇಲ್ಲದ ತಪ್ಪಿಗೆ ಶಿಕ್ಷೆ ಕೊಡುವಂತಿಲ್ಲ ಎಂದು ಗ್ಲ್ಯಾಕ್ಸೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ದಶಕಗಳೇ ಕಳೆದಿವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಸ್ಥಾಯಿ ಆದೇಶಗಳನ್ನು ಕಡ್ಡಾಯ ಮಾಡಿರುವುದು 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ. ಅಷ್ಟು ಜನರಿಲ್ಲದ ತೋಟದವರು ಲಿಖಿತ ಸೂಚನೆ ಹೊರಡಿಸಿ, ಓದಿ ಹೇಳಿಸಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು ಇಟ್ಟುಕೊಳ್ಳಬೇಕು. ಅಸ್ಸಾಂ ಕಡೆಯಿಂದ ಬಂದವರಿಗೆ ಕನ್ನಡದ ಚೀಟಿ ತೋರಿಸಿ ‘ಗೊತ್ತಿತ್ತಲ್ಲ’ ಎಂದರೆ ಯಾರೂ ಒಪ್ಪುವುದಿಲ್ಲ.

ಇನ್ನು ಕೂಲಿ ಮುರಿಯುವ ವಿಚಾರ. ‘ಸೇದಿದರೆ 500 ರೂಪಾಯಿ’ ಎಂದು ಬರೆದು ವಾರದ ಬಟವಾಡೆಯಲ್ಲಿ ಹಿಡಿದುಕೊಳ್ಳುವ ಪದ್ಧತಿಯನ್ನು ಇಂದೇ ನಿಲ್ಲಿಸಿ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಮಿತಿಯೇ ಈಗಿನ ವೇತನ ಸಂಹಿತೆಯಲ್ಲೂ ಇದೆ: ಆ ಅವಧಿಯ ವೇತನದ ಶೇ 3ಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ. ವಾರಕ್ಕೆ 3,000 ರೂಪಾಯಿ ಪಡೆಯುವವನಿಗೆ ಅದು 90 ರೂಪಾಯಿ. ಅದಕ್ಕೂ ತಪ್ಪಿನ ಪಟ್ಟಿಗೆ ಮೊದಲೇ ಅನುಮೋದನೆ ಬೇಕು, ಕಾರಣ ಹೇಳಲು ಕಾರ್ಮಿಕನಿಗೆ ಅವಕಾಶ ಕೊಡಬೇಕು, ವಸೂಲಾದ ಹಣ ಕಾರ್ಮಿಕರ ಹಿತಕ್ಕೇ ಹೋಗಬೇಕು. ತಂಬಾಕು ಕಾಯ್ದೆಯ ದಂಡವಂತೂ ಸರ್ಕಾರದ ಖಜಾನೆಯದು, ತೋಟದ ಪೆಟ್ಟಿಗೆಯದಲ್ಲ. ಒಂದು ಬೀಡಿಗಾಗಿ ಕೆಲಸದಿಂದಲೇ ತೆಗೆದರೆ, ಶಿಕ್ಷೆ ಅತಿಯಾಯಿತು ಎಂದು ಅದನ್ನು ಇಳಿಸುವ ಅಧಿಕಾರ ಕಾರ್ಮಿಕ ನ್ಯಾಯಮಂಡಳಿಗೆ ಇದೆ. ಎಚ್ಚರಿಕೆ ಪತ್ರದಿಂದ ಶುರುಮಾಡಿ. ಗೋದಾಮಿನ ಪಕ್ಕದಲ್ಲಿ ಗೊತ್ತಿದ್ದೂ ಮತ್ತೆ ಹಚ್ಚಿದವನ ಕಥೆ ಬೇರೆ.

ಲೈನ್ ಮನೆಯೊಳಗೆ ಕೈ ಹಾಕಬೇಡಿ ಎನ್ನುತ್ತೇನೆ. ಗೋಡೆ ಮಾಲೀಕರದೇ ಇರಬಹುದು, ಆದರೆ ಅದು ಒಂದು ಸಂಸಾರದ ವಾಸದ ಮನೆ. ಕೆಲಸ ಮುಗಿಸಿ ಬಂದವನು ತನ್ನ ಜಗಲಿಯಲ್ಲಿ ಕೂತು ಏನು ಮಾಡುತ್ತಾನೆ ಎಂದು ತೋಟದ ಗುಮಾಸ್ತ ರೈಟರನ್ನು ಕಳುಹಿಸಿ ನೋಡುವುದು ಶಿಸ್ತಲ್ಲ. ಸೌದೆ, ಹೊಟ್ಟಿನ ರಾಶಿಯ ಹತ್ತಿರ ಬೆಂಕಿ ಬೇಡ ಎಂದು ಹೇಳಿದರೆ ಸಾಕು.

ನೂರಾರು ಎಕರೆಯ ತೋಟದಲ್ಲಿ ಗೇಟಿನ ಹೊರಗೆ ಹೋಗಿ ಸೇದಿ ಬಾ ಎನ್ನುವುದು ಅರ್ಧ ದಿನದ ಕೆಲಸ ಕಳೆದುಕೊಂಡಂತೆ. ತರಗೆಲೆ ಗುಡಿಸಿದ ಒಂದು ಬಯಲು ಜಾಗ ಗೊತ್ತುಮಾಡಿ, ನೀರಿನ ಡ್ರಮ್, ಮರಳಿನ ಬಕೆಟ್ ಇಡಿಸಿ. ಛಾವಣಿ ಮಾತ್ರ ಹಾಕಿಸಬೇಡಿ. ಮತ್ತೊಂದು ವಿಷಯ: ದೂರನ್ನು ಯಾರಿಗೆ ಕೊಡಬೇಕು ಎಂಬುದನ್ನೂ ಕಚೇರಿಯಲ್ಲಿ ಹೆಸರು ಸಮೇತ ಬರೆದು ಹಾಕಬೇಕು. ಕಚೇರಿಯ ಮೇಜಿನ ಮುಂದೆ ಕೂತು ಸಿಗರೇಟ್ ಹಚ್ಚುವವರು ಸ್ವತಃ ಮಾಲೀಕರೇ ಆಗಿರುವ ತೋಟಗಳನ್ನು ನಾನು ಬಲ್ಲೆ. ಅಂಥಲ್ಲಿ ಅವರಿಗೂ ಬೇಡ ಎನ್ನಬಲ್ಲ ಹಿರಿಯರೊಬ್ಬರ ಹೆಸರನ್ನೇ ಬರೆಸಿ.