ಕ್ಯಾಲಿಫೋರ್ನಿಯಾ ಲೈಸೆನ್ಸಿನ ಬರಹದ ಪರೀಕ್ಷೆ: ಊರಲ್ಲಿ ಕಾರು ಓಡಿಸಿದವರಿಗೆ ಟಿಪ್ಪಣಿ

ಮೊದಲ ಸಲ ನಾನು ಫೇಲಾದೆ. 36 ಪ್ರಶ್ನೆ, ಪಾಸಾಗಲು 30 ಸರಿ ಇರಬೇಕು. ನನ್ನದು 29. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕಾರು ಓಡಿಸಿದ್ದೇನೆ, ಇದೇನು ಮಹಾ ಎಂದುಕೊಂಡು ಹಿಂದಿನ ರಾತ್ರಿ ಹ್ಯಾಂಡ್‌ಬುಕ್ಕಿನ ಚಿತ್ರ ಮಾತ್ರ ನೋಡಿ ಹೋಗಿದ್ದೆ. ಅದೇ ದಿನ ಬರೆದ ನನ್ನ ಹೆಂಡತಿ ಜೀವನದಲ್ಲಿ ಸ್ಟೀರಿಂಗ್ ಮುಟ್ಟಿದವಳಲ್ಲ. ಅವಳು ಎರಡೇ ತಪ್ಪು ಮಾಡಿ ಪಾಸು. ಗೆಳೆಯನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ಏಳು ತಪ್ಪುಗಳನ್ನು ಒಂದೊಂದಾಗಿ ಬರೆದುಕೊಂಡೆ. ಏಳರಲ್ಲಿ ಐದು, ಊರಿನ ಅಭ್ಯಾಸ ಬರೆಸಿದ ಉತ್ತರಗಳು.

ಹಾಗಾಗಿ ಈ ಟಿಪ್ಪಣಿ ಹೊಸದಾಗಿ ಡ್ರೈವಿಂಗ್ ಕಲಿಯುವವರಿಗಿಂತ ಈಗಾಗಲೇ ಓಡಿಸಲು ಬರುವವರಿಗೇ ಜಾಸ್ತಿ ಬೇಕಾದದ್ದು. ಒಂದು ಅರ್ಜಿಗೆ ಮೂರು ಸಲ ಬರೆಯಬಹುದು, ಆದ್ದರಿಂದ ಮೊದಲನೆಯದು ಹೋದರೆ ಆಕಾಶವೇನೂ ಬೀಳುವುದಿಲ್ಲ. 18 ತುಂಬದ ಮಕ್ಕಳಿಗೆ ಲೆಕ್ಕ ಬೇರೆ: 46 ಪ್ರಶ್ನೆ, 38 ಸರಿ ಬೇಕು, ಫೇಲಾದರೆ ಒಂದು ವಾರ ಕಾಯಬೇಕು.

ಮೊದಲು ಪದಗಳು

ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎನ್ನುವವರೇ ಇಲ್ಲಿ ಎಡವುತ್ತಾರೆ. ಮಳೆ ಬಂದಾಗ ಪೇವ್‌ಮೆಂಟ್ ಯಾವಾಗ ಹೆಚ್ಚು ಜಾರುತ್ತದೆ ಎಂದು ಒಂದು ಪ್ರಶ್ನೆ ಇತ್ತು. ನಮಗೆ ಪೇವ್‌ಮೆಂಟ್ ಎಂದರೆ ಫುಟ್‌ಪಾತ್, ಅಲ್ವಾ? ಕಾರಿನ ಪರೀಕ್ಷೆಯಲ್ಲಿ ಫುಟ್‌ಪಾತ್ ವಿಷಯ ಯಾಕೆ ಕೇಳುತ್ತಾರೆ ಎಂದು ತಲೆ ಕೆರೆದುಕೊಂಡು ಏನೋ ಒಂದು ಒತ್ತಿದೆ. ಅಮೆರಿಕದಲ್ಲಿ ಪೇವ್‌ಮೆಂಟ್ ಎಂದರೆ ರಸ್ತೆಯ ಮೇಲ್ಮೈ. ಫುಟ್‌ಪಾತಿಗೆ ಸೈಡ್‌ವಾಕ್ ಎನ್ನುತ್ತಾರೆ. ಉತ್ತರ: ಒಣಗಿದ ರಸ್ತೆಗೆ ಮಳೆ ಬಿದ್ದ ಮೊದಲ ಕೆಲವು ನಿಮಿಷ. ರಸ್ತೆಗಂಟಿದ ಎಣ್ಣೆ, ಧೂಳು ಇನ್ನೂ ತೊಳೆದು ಹೋಗಿರುವುದಿಲ್ಲ.

ಮೀಡಿಯನ್ ಎಂದರೆ ನಮ್ಮ ಡಿವೈಡರ್. ಶೋಲ್ಡರ್ ಎಂದರೆ ರಸ್ತೆಯ ಅಂಚಿನಾಚೆ ಬಿಟ್ಟಿರುವ ಜಾಗ. ಕರ್ಬ್ ಎಂದರೆ ಫುಟ್‌ಪಾತಿನ ಅಂಚುಕಲ್ಲು. ಲಿಮಿಟ್ ಲೈನ್ ಎಂದರೆ ನಿಲ್ಲಬೇಕಾದ ಜಾಗದಲ್ಲಿ ಎಳೆದಿರುವ ಅಗಲವಾದ ಬಿಳಿ ಗೆರೆ. ಕ್ರಾಸ್‌ವಾಕ್ ಎಂದರೆ ಬರೀ ಜೀಬ್ರಾ ಪಟ್ಟೆ ಅಂದುಕೊಳ್ಳಬೇಡಿ. ಎರಡು ರಸ್ತೆ ಸೇರುವ ಮೂಲೆಯಲ್ಲಿ ಬಣ್ಣ ಬಳಿಯದಿದ್ದರೂ ಕ್ರಾಸ್‌ವಾಕ್ ಇರುತ್ತದೆ, ಅಲ್ಲಿ ದಾಟುವವರಿಗೆ ದಾರಿ ಬಿಡಬೇಕು.

ಎಲ್ಲಕ್ಕಿಂತ ಕಾಟ ಕೊಡುವ ಪದ ರೈಟ್ ಆಫ್ ವೇ. ಇದಕ್ಕೂ ಬಲಗಡೆಗೂ ಸಂಬಂಧ ಇಲ್ಲ. ಮೊದಲು ಹೋಗುವ ಸರದಿ ಯಾರದ್ದು ಎಂದಷ್ಟೇ ಅರ್ಥ. ಆ ಪದ ಕಂಡಾಗಲೆಲ್ಲ ಪ್ರಶ್ನೆಯನ್ನು ತಿರುಗಿಸಿ 'ಇಲ್ಲಿ ಕಾಯಬೇಕಾದವರು ಯಾರು?' ಎಂದು ಓದಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಯೀಲ್ಡ್ ಎಂದರೂ ಅದೇ ಮಾತು: ನಿಧಾನಿಸು, ಬೇಕಾದರೆ ನಿಲ್ಲು, ಬೇರೆಯವರನ್ನು ಬಿಡು.

ಯಾರು ಕಾಯಬೇಕು

ನಾವಿರುವ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಒಂದು ನಾಲ್ಕು ದಾರಿಯ ಸ್ಟಾಪ್ ಕಾಣಿಸುತ್ತದೆ. ಫೇಲಾದ ಮೇಲೆ ಸಂಜೆ ಕಾಫಿ ಹಿಡಿದು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಒಂದು ಕಾರು ಬರುತ್ತದೆ, ಚಕ್ರ ಪೂರ್ತಿ ನಿಲ್ಲುತ್ತದೆ, ಆಮೇಲೆ ಹೊರಡುತ್ತದೆ. ಮೊದಲು ಬಂದು ನಿಂತವರು ಮೊದಲು. ಇಬ್ಬರು ಒಟ್ಟಿಗೇ ಬಂದರೆ ಬಲಗಡೆ ಇರುವವರು ಮೊದಲು. ಹತ್ತು ನಿಮಿಷ ನೋಡಿದರೆ ನಿಯಮ ತಾನಾಗಿ ತಲೆಗೆ ಹತ್ತುತ್ತದೆ, ಪುಸ್ತಕ ಬೇಕಿಲ್ಲ.

ಇಲ್ಲೊಂದು ಹುಷಾರು. ಊರಲ್ಲಿ ಎಡಗಡೆ ಓಡಿಸಿದವರು ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಂಡು ಕಲಿಯುತ್ತೇವೆ. ಅಲ್ಲಿ ಎದುರಿನ ವಾಹನಗಳಿಗೆ ಅಡ್ಡ ಹಾಯುವುದು ಬಲಕ್ಕೆ ತಿರುಗುವಾಗ, ಇಲ್ಲಿ ಎಡಕ್ಕೆ ತಿರುಗುವಾಗ. ಅದಕ್ಕೇ ಎಡಕ್ಕೆ ತಿರುಗುವವರು ಎದುರಿನಿಂದ ಬರುವವರಿಗೆ ಕಾಯಬೇಕು. ಅಲ್ಲಿ ವೃತ್ತವನ್ನು ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತೇವೆ, ಇಲ್ಲಿ ಅದರ ವಿರುದ್ಧ. ಇಷ್ಟೆಲ್ಲ ಸರಿ. ಆದರೆ 'ಬಲಗಡೆಯವರು ಮೊದಲು' ಎಂಬುದನ್ನು ಮಾತ್ರ ತಿರುಗಿಸಬೇಡಿ. ನಾನು ತಿರುಗಿಸಿ ಒಂದು ಅಂಕ ಕಳೆದುಕೊಂಡೆ.

ಟಿ ಆಕಾರದ ಜಂಕ್ಷನ್ನಿನಲ್ಲಿ ಬೋರ್ಡು ಇಲ್ಲದಿದ್ದರೆ ನೇರ ರಸ್ತೆಯವರು ಮೊದಲು. ಮುಗಿಯುವ ರಸ್ತೆಯಿಂದ ಬಂದವರು ಕಾಯಬೇಕು. ಊರಲ್ಲಿ ನಾವು ಕಾರಿನ ಮೂತಿ ಸ್ವಲ್ಪ ತೂರಿಸಿ ಜಾಗ ಮಾಡಿಕೊಳ್ಳುತ್ತೇವೆ. ಆ ವಿದ್ಯೆಗೆ ಇಲ್ಲಿ ಅಂಕ ಇಲ್ಲ.

ಸಿಗ್ನಲ್ ಕೆಟ್ಟಿದ್ದರೆ? ಊರಲ್ಲಿ ಧೈರ್ಯ ಇದ್ದವರು ಮೊದಲು. ಇಲ್ಲಿ ಅದು ನಾಲ್ಕು ದಾರಿಯ ಸ್ಟಾಪ್ ಇದ್ದ ಹಾಗೆ, ಎಲ್ಲರೂ ನಿಲ್ಲಬೇಕು. ಮಿಟುಕುವ ಕೆಂಪು ಅಂದರೂ ಸ್ಟಾಪ್ ಬೋರ್ಡಿನ ಅರ್ಥವೇ. ಮಿಟುಕುವ ಹಳದಿಗೆ ನಿಧಾನ ಮಾಡಿ ನೋಡಿಕೊಂಡು ಹೋಗಬೇಕು, ನಿಲ್ಲಲೇಬೇಕು ಎಂದಿಲ್ಲ.

ಇನ್ನು ನಮ್ಮ ಫ್ರೀ ಲೆಫ್ಟ್. ಅದರ ಅಮೆರಿಕನ್ ಅಣ್ಣ ಕೆಂಪಿನಲ್ಲಿ ಬಲಕ್ಕೆ ತಿರುಗುವುದು. ಬೇಡ ಎಂಬ ಬೋರ್ಡು ಇಲ್ಲದಿದ್ದರೆ ತಿರುಗಬಹುದು. ಆದರೆ ಮೊದಲು ಪೂರ್ತಿ ನಿಲ್ಲಬೇಕು, ಪಾದಚಾರಿಗಳನ್ನೂ ವಾಹನಗಳನ್ನೂ ಬಿಡಬೇಕು, ಆಮೇಲೆ. ಕೆಂಪು ಬಾಣ ಇದ್ದರೆ ಅದೂ ಇಲ್ಲ. ಒಂದು ಒನ್‌ವೇಯಿಂದ ಇನ್ನೊಂದು ಒನ್‌ವೇಗೆ ಕೆಂಪಿನಲ್ಲೇ ನಿಂತು ಎಡಕ್ಕೂ ತಿರುಗಬಹುದು. ಅಪರೂಪದ ನಿಯಮ, ಅದಕ್ಕೇ ಕೇಳುತ್ತಾರೆ.

ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಬದಲು

ಸಂಖ್ಯೆಗಳು ಜಾಸ್ತಿ ಇವೆ, ಸುಮ್ನೆ ಉರು ಹೊಡೆದರೆ ಪರೀಕ್ಷೆಯ ಕೋಣೆಯಲ್ಲಿ ಕಲಸುಮೇಲೋಗರ ಆಗುತ್ತದೆ. ಕಾರಣದ ಜೊತೆ ಕಟ್ಟಿಟ್ಟುಕೊಳ್ಳಿ.

15 ಮೈಲಿ ವೇಗ ಎಂದರೆ 'ಕಣ್ಣಿಗೆ ಕಾಣುತ್ತಿಲ್ಲ'. ಹಿಂದಿನ ಓಣಿ, ಅಂದರೆ ಆಲಿ. ಎರಡು ಪಕ್ಕದಲ್ಲೂ 100 ಅಡಿ ಕಾಣದ ಜಂಕ್ಷನ್. ಎರಡು ಪಕ್ಕದಲ್ಲೂ 400 ಅಡಿ ಹಳಿ ಕಾಣದ ರೈಲ್ವೆ ಕ್ರಾಸಿಂಗ್. ರೈಲು ವೇಗವಾಗಿ ಬರುತ್ತದೆ, ಅದಕ್ಕೇ ಅಲ್ಲಿ ನಾಲ್ಕು ಪಟ್ಟು. ಆ ಜಂಕ್ಷನ್ನಿಗೆ ಸಿಗ್ನಲ್ಲೋ ಸ್ಟಾಪ್ ಬೋರ್ಡೋ ಇದ್ದರೆ ಅದು ಕುರುಡು ಜಂಕ್ಷನ್ ಲೆಕ್ಕಕ್ಕೆ ಬರುವುದಿಲ್ಲ.

25 ಎಂದರೆ 'ಜನ ಇದ್ದಾರೆ'. ಮನೆಗಳ ಬೀದಿ, ಅಂಗಡಿ ಬೀದಿ, ಮಕ್ಕಳು ಹೊರಗಿರುವಾಗ ಶಾಲೆಯ ಹತ್ತಿರ. 55 ಎಂದರೆ ಡಿವೈಡರ್ ಇಲ್ಲದ ಎರಡು ಲೇನಿನ ಹೈವೇ, ಅಥವಾ ಹಿಂದೆ ಟ್ರೇಲರ್ ಎಳೆಯುವವರು. 65 ಬಹುಪಾಲು ಫ್ರೀವೇಗೆ.

ಇವೆಲ್ಲದರ ಮೇಲೆ ಒಂದು ಯಜಮಾನ ನಿಯಮ ಇದೆ, ಬೇಸಿಕ್ ಸ್ಪೀಡ್ ಲಾ. ಬೋರ್ಡಿನಲ್ಲಿ ಎಷ್ಟೇ ಬರೆದಿರಲಿ, ಆ ಹೊತ್ತಿನ ಸ್ಥಿತಿಗೆ ಸುರಕ್ಷಿತ ಅನ್ನಿಸುವುದಕ್ಕಿಂತ ವೇಗ ಹೋಗಬಾರದು. ಚಳಿಗಾಲದಲ್ಲಿ ಸೆಂಟ್ರಲ್ ವ್ಯಾಲಿಯಲ್ಲಿ ಟೂಲಿ ಎಂಬ ದಟ್ಟ ಮಂಜು ಕವಿದರೆ ಮುಂದಿನ ಲಾರಿಯೇ ಕಾಣುವುದಿಲ್ಲ. ಅಲ್ಲಿ 65ರ ಬೋರ್ಡು ಇದೆ ಎಂದು 65ರಲ್ಲಿ ಹೋದರೆ ದಂಡ ಬೀಳಬಹುದು. ಹೀಗಾಗಿ 'ಬೋರ್ಡಿನ ವೇಗದಲ್ಲೇ ಹೋಗಬೇಕು' ಎಂಬ ಉತ್ತರ ಹೆಚ್ಚಿನ ಸಲ ಬಲೆ.

ಅಡಿ ಲೆಕ್ಕ: ತಿರುಗುವ 100 ಅಡಿ ಮೊದಲೇ ಇಂಡಿಕೇಟರ್. ಎದುರಿನ ಗಾಡಿ 500 ಅಡಿ ಒಳಗೆ ಬಂದರೆ ಹೈ ಬೀಮ್ ಇಳಿಸಬೇಕು, ಮುಂದೆ ಹೋಗುತ್ತಿರುವ ಗಾಡಿಯಾದರೆ 300 ಅಡಿ. ಕಣ್ಣಿಗೆ ನೇರ ಹೊಡೆಯುವುದು ಎದುರಿನದಕ್ಕೆ, ಅದಕ್ಕೇ ಅಲ್ಲಿ ದೂರ ಜಾಸ್ತಿ. ವೈಪರ್ ಹಾಕುವಷ್ಟು ಮಳೆ ಇದ್ದರೆ ಹಗಲಾದರೂ ಹೆಡ್‌ಲೈಟ್ ಹಾಕಬೇಕು. ಮಧ್ಯದ ಎಡತಿರುವಿನ ಲೇನಿನಲ್ಲಿ 200 ಅಡಿಗಿಂತ ಹೆಚ್ಚು ಓಡಿಸುವಂತಿಲ್ಲ. ಸೈಕಲ್ ದಾಟುವಾಗ ಕನಿಷ್ಠ 3 ಅಡಿ ಬಿಡಬೇಕು, ಪಕ್ಕದ ಲೇನ್ ಖಾಲಿ ಇದ್ದರೆ ಲೇನನ್ನೇ ಬದಲಿಸಬೇಕು.

ಮುಂದಿನ ಗಾಡಿಗೂ ನಮಗೂ ನಡುವಿನ ಅಂತರಕ್ಕೆ ಅಡಿ ಇಲ್ಲ, 3 ಸೆಕೆಂಡು. ಮುಂದಿನ ಗಾಡಿ ಒಂದು ಕಂಬ ದಾಟಿದ ತಕ್ಷಣ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಂದು ಎಣಿಸಿ. ಮುಗಿಯುವ ಮೊದಲೇ ನೀವು ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೀರಿ. ಬೇರೆಯವರ ಕಾರಿನಲ್ಲಿ ಕೂತಾಗ ಎಣಿಸಿ ನೋಡಿ. ಜೋರಾಗಿ ಮಾತ್ರ ಎಣಿಸಬೇಡಿ, ಓಡಿಸುವವರಿಗೆ ಸಿಟ್ಟು ಬರುತ್ತದೆ.

ಇಳಿಜಾರು ಮತ್ತು ಚಪಾತಿ ಮಣೆ

ಇಳಿಜಾರಿನಲ್ಲಿ ನಿಲ್ಲಿಸುವಾಗ ಮುಂದಿನ ಚಕ್ರ ಯಾವ ಕಡೆಗಿರಬೇಕು? ಸ್ಯಾನ್ ಫ್ರಾನ್ಸಿಸ್ಕೋದ ಬೀದಿ ನೋಡಿದವರಿಗೆ ಈ ಪ್ರಶ್ನೆ ಯಾಕೆ ಇದೆ ಎಂದು ಹೇಳಬೇಕಿಲ್ಲ. ಓದಿದರೆ ಮೂರು ನಿಯಮ, ಮೂರೂ ಮರೆಯುತ್ತವೆ. ನಾನು ಚಪಾತಿ ಮಣೆಯನ್ನು ಓರೆಯಾಗಿಟ್ಟು, ಅದರ ಬಲ ಅಂಚಿಗೆ ಲಟ್ಟಣಿಗೆಯನ್ನು ಕರ್ಬ್ ಮಾಡಿ, ಮುಂದಿನ ಚಕ್ರ ತಿರುಗುವ ಮಗನ ಆಟಿಕೆ ಕಾರು ಇಟ್ಟೆ. ಕೇಳಿಕೊಳ್ಳಬೇಕಾದದ್ದು ಒಂದೇ: ಬ್ರೇಕ್ ಕೈಕೊಟ್ಟರೆ ಇದು ಎಲ್ಲಿಗೆ ಹೋಗುತ್ತದೆ?

ಮೂತಿ ಕೆಳಗಿದ್ದರೆ ಚಕ್ರ ಕರ್ಬಿನ ಕಡೆಗೆ. ಜಾರಿದ ತಕ್ಷಣ ಲಟ್ಟಣಿಗೆಗೆ ತಾಗಿ ನಿಂತಿತು. ಮೂತಿ ಮೇಲಿದ್ದರೆ ಚಕ್ರ ಕರ್ಬಿನಿಂದ ಆಚೆಗೆ, ಎಡಕ್ಕೆ. ಕಾರು ಹಿಂದಕ್ಕೆ ಜಾರುವಾಗ ಮುಂದಿನ ಚಕ್ರದ ಹಿಂಭಾಗ ಲಟ್ಟಣಿಗೆಗೆ ಒತ್ತಿ ನಿಂತಿತು. ಲಟ್ಟಣಿಗೆ ತೆಗೆದುಬಿಡಿ, ಅಂದರೆ ಕರ್ಬೇ ಇಲ್ಲ. ಆಗ ಏರಾದರೂ ಇಳಿಜಾರಾದರೂ ಚಕ್ರ ಬಲಕ್ಕೆ. ಜಾರಿದರೆ ರಸ್ತೆಯ ನಡುವಿಗೆ ಬರದೆ ಅಂಚಿನಾಚೆಗೆ ಹೋಗಲಿ ಎಂದು. ಮಗ ಪಕ್ಕದಲ್ಲೇ ನಿಂತು ನೋಡಿ ಮೂರೂ ಉತ್ತರ ಒಪ್ಪಿಸಿದ. ಅವನಿಗೆ ಆರು ವರ್ಷ.

ಕರ್ಬಿನ ಬಣ್ಣ ಬೇಗ ಮುಗಿಸೋಣ. ಕೆಂಪು, ನಿಲ್ಲಿಸುವಂತಿಲ್ಲ. ಹಳದಿ, ಸಾಮಾನು ಅಥವಾ ಜನರನ್ನು ಹತ್ತಿಸಿ ಇಳಿಸುವಷ್ಟು ಹೊತ್ತು. ಬಿಳಿ, ಜನರನ್ನು ಹತ್ತಿಸುವುದಕ್ಕೆ, ಇಳಿಸುವುದಕ್ಕೆ. ಹಸಿರು ಎಂದರೆ ಬೇಕಾದಷ್ಟು ಹೊತ್ತು ಅಲ್ಲ, ಬರೆದಿರುವಷ್ಟೇ ಹೊತ್ತು. ನೀಲಿ, ಅಂಗವಿಕಲರ ಪರವಾನಗಿ ಇರುವವರಿಗೆ. ಬೆಂಕಿ ನಂದಿಸುವ ನೀರಿನ ಹೈಡ್ರಂಟಿನಿಂದ 15 ಅಡಿ ದೂರ.

ಹಳೆಯ ಪ್ರಶ್ನೆಪಟ್ಟಿಗಳ ವಿಷಯ

ಗೆಳೆಯರ ಗುಂಪಿನಲ್ಲಿ ಯಾರೋ ಕಳಿಸಿದ 'ಇಷ್ಟೇ ಓದಿ ಸಾಕು' ಎಂಬ ಪಟ್ಟಿ ನನ್ನ ಹತ್ತಿರವೂ ಇತ್ತು. ಅದರಲ್ಲಿ ವಿಮೆಯ ಕನಿಷ್ಠ ಮೊತ್ತ ಒಬ್ಬರಿಗೆ ಗಾಯವಾದರೆ 15,000 ಡಾಲರ್, ಒಬ್ಬರಿಗಿಂತ ಹೆಚ್ಚಿನವರಿಗೆ 30,000, ಆಸ್ತಿ ಹಾನಿಗೆ 5,000 ಎಂದಿತ್ತು. 2025ರ ಜನವರಿ 1ರಿಂದ ಅದು 30,000, 60,000 ಮತ್ತು 15,000. ಕ್ರಾಸ್‌ವಾಕಿಗೆ ಬರುವ ಬದಿಯಲ್ಲಿ 20 ಅಡಿ ಒಳಗೆ ಪಾರ್ಕ್ ಮಾಡಬಾರದು ಎಂಬ ನಿಯಮವೂ ಹೊಸದು, ಹಳೆಯ ಪಟ್ಟಿಯಲ್ಲಿ ಸಿಗುವುದಿಲ್ಲ. ಡಿಎಂವಿಯ, ಅಂದರೆ ಲೈಸೆನ್ಸ್ ಕೊಡುವ ಇಲ್ಲಿನ ಇಲಾಖೆಯ, ಈಗಿನ ಹ್ಯಾಂಡ್‌ಬುಕ್ ಅವರ ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ, ಮಾದರಿ ಪರೀಕ್ಷೆಗಳೂ ಇವೆ. ಮೊದಲು ಅದನ್ನು ಒಮ್ಮೆ ಪೂರ್ತಿ ಓದಿ, ಆಮೇಲೆ ಬೇಕಾದರೆ ಪಟ್ಟಿ.

ಉಳಿದ ಚೂರುಪಾರು. ಶಾಲಾ ಬಸ್ಸಿನ ಕೆಂಪು ದೀಪ ಮಿಟುಕುತ್ತಿದ್ದರೆ ಎರಡೂ ಕಡೆಯವರು ನಿಲ್ಲಬೇಕು. ಡಿವೈಡರ್ ಇದ್ದರೆ, ಅಥವಾ ಒಂದೊಂದು ಕಡೆಗೆ ಎರಡೋ ಹೆಚ್ಚೋ ಲೇನ್ ಇದ್ದರೆ, ಎದುರು ಬದಿಯವರು ನಿಲ್ಲಬೇಕಿಲ್ಲ. ಕುಡಿದು ಓಡಿಸುವ ಮಿತಿ 21 ದಾಟಿದವರಿಗೆ ರಕ್ತದಲ್ಲಿ 0.08 ಶೇಕಡಾ, 21ರ ಒಳಗಿನವರಿಗೆ 0.01. ದಿನಗಳ ಲೆಕ್ಕದಲ್ಲಿ 10 ಎಂಬುದೇ ರಾಜ: ವಿಳಾಸ ಬದಲಾದರೆ 10 ದಿನ, ಯಾರಿಗಾದರೂ ಗಾಯವಾದ ಅಥವಾ 1,000 ಡಾಲರ್ ಮೀರಿ ಹಾನಿಯಾದ ಅಪಘಾತವನ್ನು ಡಿಎಂವಿಗೆ ತಿಳಿಸಲು 10 ದಿನ, ಇಲ್ಲೇ ನೆಲೆಸಿದವರು ಇಲ್ಲಿನ ಲೈಸೆನ್ಸ್ ಪಡೆಯಲು 10 ದಿನ. ಕಾರು ಮಾರಿದರೆ ಮಾತ್ರ 5.

ಪ್ರತಿ ಪ್ರಶ್ನೆಗೆ ಮೂರು ಉತ್ತರ ಕೊಟ್ಟಿರುತ್ತಾರೆ. ಊರಿನ ರಸ್ತೆಯಲ್ಲಿ ನೀವು ನಿಜವಾಗಿ ಏನು ಮಾಡುತ್ತಿದ್ದಿರೋ ಅದು ಮೂರರಲ್ಲಿ ಒಂದಾಗಿ ಕೂತಿದ್ದರೆ ಒತ್ತುವ ಮೊದಲು ಇನ್ನೊಮ್ಮೆ ಓದಿ. ಹಾರ್ನ್ ಮಾಡುವುದು, ವೇಗ ಹೆಚ್ಚಿಸಿ ನುಗ್ಗುವುದು, ಲೈಟ್ ಹೊಡೆಯುವುದು, ಇವೆಲ್ಲ ಬಹಳ ಪರಿಚಿತ ಮುಖ ಹೊತ್ತು ಬರುತ್ತವೆ.

ಎರಡನೇ ಸಲ ಎರಡು ವಾರ ಓದಿ ಹೋದೆ. 35 ಸರಿ. ತಪ್ಪಾದ ಒಂದು ಕೈ ಸನ್ನೆಯದ್ದು: ಮುಂದಿನ ಕಾರಿನವರು ಕೈ ಹೊರಗೆ ಹಾಕಿ ಮೊಣಕೈ ಮಡಚಿ ಮೇಲಕ್ಕೆ ಎತ್ತಿದ್ದಾರೆ, ಎತ್ತ ತಿರುಗುತ್ತಾರೆ? ಕುರ್ಚಿಯಲ್ಲಿ ಕೂತಲ್ಲೇ ಕೈ ಎತ್ತಿ ನೋಡಿಕೊಂಡೆ, ಬಲಗೈ. ಇಲ್ಲಿ ಡ್ರೈವರ್ ಕೂರುವುದು ಎಡಗಡೆ, ಕಿಟಕಿಯಿಂದ ಬರುವುದು ಎಡಗೈ, ಮೇಲೆತ್ತಿದರೆ ಬಲಕ್ಕೆ ತಿರುಗುತ್ತಾರೆ ಎಂದರ್ಥ. ಹೆಂಡತಿ ಅದನ್ನೂ ಸರಿ ಮಾಡಿದ್ದಳಂತೆ.